ಬರ್ನ್‌ಸೈಡ್ ಮನೆತನದ ಬ್ಲೂಸ್ ಗಿಟಾರ್: ಓಪನ್ ಜಿ ಹಾಕಿದ್ರೂ ಆ ನಡೆ ಯಾಕೆ ಬರಲ್ಲ?

ಒಂಟಿತಂತಿ

ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ವಿಷಯ: ಸೆಡ್ರಿಕ್ ಬರ್ನ್‌ಸೈಡ್, ಅವರ ತಾತ ಆರ್.ಎಲ್. ಬರ್ನ್‌ಸೈಡ್ ಬಾರಿಸೋ ಉತ್ತರ ಮಿಸಿಸಿಪ್ಪಿ ಗುಡ್ಡನಾಡಿನ ಬ್ಲೂಸ್. ಗಿಟಾರ್ ಮಾಮೂಲಿ ಡ್ರೆಡ್‌ನಾಟ್ (ದೊಡ್ಡ ಹೊಟ್ಟೆಯ) ಅಕೂಸ್ಟಿಕ್, 11–52 ತಂತಿ (ತೆಳು ಮತ್ತು ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ). ಶ್ರುತಿ ಓಪನ್ ಜಿ, ಅಂದ್ರೆ ಖಾಲಿ ತಂತಿ ಮೀಟಿದ್ರೇ ಜಿ ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಬರೋದು; ದಪ್ಪ ತಂತಿಯಿಂದ ತೆಳು ತಂತಿಗೆ ಡಿ-ಜಿ-ಡಿ-ಜಿ-ಬಿ-ಡಿ.

ತೊಂದರೆ ಮೂರು. 6 ಮತ್ತು 5ನೇ ತಂತಿ ಹೆಬ್ಬೆರಳು ತಾಗಿದ್ರೆ ಸಾಕು, ಫ್ರೆಟ್‌ಗೆ ಬಡಿದು ಕಿರಗುಟ್ಟುತ್ತೆ. ಎರಡನೇದು, 12 ಬಾರ್ (ಬ್ಲೂಸ್‌ನ ಮಾಮೂಲಿ 12 ಆವರ್ತದ ಚೌಕಟ್ಟು) ಎಣಿಸ್ಕೊಂಡು ಹೋದ್ರೆ ಮೂಲ ಧ್ವನಿಮುದ್ರಣದ ಜೊತೆ ಎಲ್ಲೂ ಕೂಡಲ್ಲ. ಮೂರನೇದು, ಒಂದೇ ಕಾರ್ಡ್ ಹಿಡ್ಕೊಂಡು ಎರಡು ನಿಮಿಷ ಆಗೋಷ್ಟರಲ್ಲಿ ಸಪ್ಪೆ. ಅವರ ಕೈಯಲ್ಲಿ ಅದೇ ಒಂದು ಕಾರ್ಡ್ ಆರು ನಿಮಿಷ ಹೋದ್ರೂ ಬಿಗಿ ಸಡಿಲಾಗಲ್ಲ. ಎಲ್ಲಿ ತಪ್ತಾ ಇದೆ?

ಹಳೇಫ್ರೆಟ್

ಮೊದಲನೇದಕ್ಕೆ ಉತ್ತರ ಸುಲಭ, ಅದನ್ನ ಮುಗಿಸಿಬಿಡೋಣ.

ಸ್ಟ್ಯಾಂಡರ್ಡ್‌ನಿಂದ (ಗಿಟಾರ್‌ನ ಮಾಮೂಲಿ ಶ್ರುತಿಯಿಂದ) ಓಪನ್ ಜಿಗೆ ಬರುವಾಗ 6, 5 ಮತ್ತು 1ನೇ ತಂತಿ ಎರಡೆರಡು ಫ್ರೆಟ್‌ನಷ್ಟು ಕೆಳಗೆ ಇಳಿಯುತ್ತೆ. ಎರಡು ಫ್ರೆಟ್ ಇಳಿದ್ರೆ ತಂತಿಯ ಎಳೆತ ಹತ್ತಿರ ಹತ್ತಿರ ಶೇ. 20 ಕಮ್ಮಿ. 11ರ ಸೆಟ್ ಮೊದಲೇ ಸಡಿಲ, ಅದರ ಮೇಲೆ ಐದರಲ್ಲಿ ಒಂದು ಪಾಲು ಹೋದ್ರೆ ತಂತಿ ಅಗಲವಾಗಿ ತೂಗಾಡುತ್ತೆ. ಈ ಶೈಲಿಯಲ್ಲಿ ಜೋರಾಗಿ ಬೀಳೋದು ಆ ದಪ್ಪ ತಂತಿಗಳ ಮೇಲೆಯೇ. ಕಿರಗುಟ್ಟದೆ ಇನ್ನೇನು ಮಾಡುತ್ತೆ?

13–56 ಸೆಟ್ ಹಾಕಿ. ಓಪನ್ ಜಿಯಲ್ಲಿ ಅದರ ಒಟ್ಟು ಎಳೆತ ಹೆಚ್ಚು ಕಡಿಮೆ 12–53 ಸ್ಟ್ಯಾಂಡರ್ಡ್‌ನಲ್ಲಿ ಇರೋಷ್ಟೇ, ಕುತ್ತಿಗೆಗೆ ಅಪಾಯ ಇಲ್ಲ. ಆಮೇಲೆ ಈ ಕ್ರಮದಲ್ಲೇ ನೋಡಿ, ಹಿಂದೆ ಮುಂದೆ ಮಾಡಬೇಡಿ:

ಕುತ್ತಿಗೆಯ ಬಾಗು ಮೊದಲು. 6ನೇ ತಂತಿಯನ್ನ 1ನೇ ಫ್ರೆಟ್‌ನಲ್ಲೂ 14ನೇದರಲ್ಲೂ ಒಟ್ಟಿಗೆ ಒತ್ತಿ ಹಿಡಿದು 7ನೇ ಫ್ರೆಟ್ ಹತ್ತಿರ ಸಂದು ನೋಡಿ. 0.25 ಮಿ.ಮೀ. ಆಸುಪಾಸು ಇರ್ಲಿ. ಸಂದೇ ಇಲ್ಲ ಅಂದ್ರೆ ಟ್ರಸ್ ರಾಡ್ (ಕುತ್ತಿಗೆಯೊಳಗೆ ಬಾಗು ಸರಿಮಾಡೋ ಸರಳು) ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ಅಳೀರಿ. ಆಮೇಲೆ 12ನೇ ಫ್ರೆಟ್‌ನಲ್ಲಿ ತಂತಿಯ ಎತ್ತರ: 6ನೇದು 2.8 ಮಿ.ಮೀ., 1ನೇದು 2.2. ಸ್ಲೈಡ್ (ಬೆರಳಿಗೆ ಕೊಳವೆ ಹಾಕ್ಕೊಂಡು ತಂತಿಯ ಮೇಲೆ ಜಾರಿಸೋದು) ಕೂಡ ಮಾಡ್ತೀರಿ ಅಂದ್ರೆ ಇದಕ್ಕಿಂತ ಇಳಿಸಬೇಡಿ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ದಪ್ಪ ತಂತಿ ಹಳೇ ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಹಾಯೋ ಪಟ್ಟಿ) ತೋಡಿನಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ. ಬಿರಡೆ ತಿರುಗಿಸುವಾಗ "ಟಿಣ್" ಅಂತ ಶಬ್ದ ಬಂದು ಶ್ರುತಿ ಜಿಗಿದ್ರೆ ಅದೇ ಕಾರಣ. ಪೆನ್ಸಿಲ್ ಸೀಸದ ಪುಡಿ ತೋಡಿಗೆ ಹಚ್ಚಿ ನೋಡಿ. ಅದಕ್ಕೂ ಬಗ್ಗದಿದ್ರೆ ತೋಡು ಅಗಲ ಮಾಡಿಸ್ಬೇಕು, ಆಳ ಅಲ್ಲ.

ತಾಳದಕೈ

ಎರಡು ಮತ್ತು ಮೂರನೇ ಪ್ರಶ್ನೆ ಬೇರೆ ಬೇರೆ ಅಲ್ಲ. ನೀವು ಇದನ್ನ ಕಾರ್ಡ್‌ಗಳ ಸಂಗೀತ ಅಂದ್ಕೊಂಡಿದ್ದೀರಿ. ಇದು ಡ್ರಮ್ ಮನೆಯಿಂದ ಬಂದ ಗಿಟಾರ್.

ಮನೆತನ ನೋಡಿ. ಆರ್.ಎಲ್. ಹುಟ್ಟಿದ್ದು 1926ರಲ್ಲಿ, ತೀರಿಕೊಂಡಿದ್ದು 2005ರಲ್ಲಿ. ಗೇಣಿ ಬೇಸಾಯ, ಮೀನುಗಾರಿಕೆ ಮಾಡ್ಕೊಂಡೇ ಗಿಟಾರ್. 1967ರಲ್ಲಿ ಜಾನಪದ ಸಂಗ್ರಾಹಕ ಜಾರ್ಜ್ ಮಿಚೆಲ್ ಮೊದಲ ಸಲ ಧ್ವನಿಮುದ್ರಿಸಿದ್ರು. ಹೊರಜಗತ್ತಿಗೆ ಹೆಸರು ಗೊತ್ತಾಗಿದ್ದು 90ರ ದಶಕದಲ್ಲಿ, ಮಿಸಿಸಿಪ್ಪಿಯದೇ ಆಕ್ಸ್‌ಫರ್ಡ್ ಊರಿನ ಫ್ಯಾಟ್ ಪಾಸಮ್ ರೆಕಾರ್ಡ್ ಕಂಪನಿ ಮೂಲಕ. ಅವರ ಅಳಿಯ ಕ್ಯಾಲ್ವಿನ್ ಜಾಕ್ಸನ್ ಡ್ರಮ್ಮರ್. ಕ್ಯಾಲ್ವಿನ್ ಮಗ ಸೆಡ್ರಿಕ್, ಹುಟ್ಟಿದ್ದು 1978. ಹದಿಮೂರಕ್ಕೆಲ್ಲ ತಾತನ ಜೊತೆ ಊರೂರು ತಿರುಗಿ ಡ್ರಮ್ ಬಾರಿಸ್ತಿದ್ದವರು. ಗಿಟಾರ್ ಮುಂದೆ ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ. ಅತ್ಯುತ್ತಮ ಬ್ಲೂಸ್ ಡ್ರಮ್ಮರ್ ಅಂತ ಹಲವು ಸಲ ಪ್ರಶಸ್ತಿ ತಗೊಂಡ ಕೈ ಅದು. ಆ ಕೈಗೆ ಗಿಟಾರ್ ಕೊಟ್ರೆ ಹೆಬ್ಬೆರಳು ಕಿಕ್ ಡ್ರಮ್ (ಕಾಲಿನಿಂದ ಬಾರಿಸೋ ದೊಡ್ಡ ಡ್ರಮ್) ಆಗುತ್ತೆ, ತೋರುಬೆರಳು ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಆಗುತ್ತೆ.

ತಾತನ ತಂಡದ ಜೋಡಣೆ ಗಮನಿಸಿ: ಆರ್.ಎಲ್. ಒಂದು ಗಿಟಾರ್, ಕೆನ್ನಿ ಬ್ರೌನ್ ಇನ್ನೊಂದು, ಸೆಡ್ರಿಕ್ ಡ್ರಮ್ಸ್. ಬೇಸ್ ಗಿಟಾರ್ ಇಲ್ಲ. ಅಂದ್ರೆ ಕೆಳಗಿನ ನಾದವನ್ನ ಹೊರೋದು ಆರ್.ಎಲ್. ಹೆಬ್ಬೆರಳು ಮತ್ತು ಕಿಕ್ ಡ್ರಮ್, ಇವೆರಡೇ. ಹೆಬ್ಬೆರಳು ಅರ್ಧ ಕ್ಷಣ ತಪ್ಪಿದ್ರೂ ಕೆಳಗೆ ಹಿಡಿಯೋಕೆ ಯಾರೂ ಇಲ್ಲ.

12 ಬಾರ್ ಎಣಿಕೆ ಬಿಟ್ಟುಬಿಡಿ. ಅಲ್ಲಿ ಸಾಲಿನ ಉದ್ದ ನಿರ್ಧಾರ ಮಾಡೋದು ಹಾಡುವ ಬಾಯಿ. ಒಂದು ಸಾಲು ನಾಲ್ಕು ಬಡಿತ, ಅದಕ್ಕೆ ಗಿಟಾರ್ ಉತ್ತರ ನಾಲ್ಕು. ಮುಂದಿನ ಸಲ ಉತ್ತರ ಎರಡೇ ಬಡಿತ, ಆಗಲೇ ಹಾಡು ಶುರು. 4+4+2 ಆಗಿರಬಹುದು, 4+6 ಆಗಿರಬಹುದು. ಜೊತೆಯಲ್ಲಿ ಬಾರಿಸೋರು ಬಾರ್ ಎಣಿಸೋದಿಲ್ಲ, ಹಾಡುವವರ ಉಸಿರು ನೋಡ್ತಾರೆ.

ಜವಾರಿ ತಂಬೂರಿ

ತಾಳದಕೈ ಅವ್ರು ಹೇಳಿದ್ದು ಖರೆ. ನಾ ಶ್ರುತಿ ಕಡಿಂದ ಒಂದ್ ಮಾತ್ ಸೇರಸ್ತೀನ್ರಿ.

ಓಪನ್ ಜಿ ಅಂದ್ರ ಏನು? ಜಿ ಅನ್ನೋದನ್ನ ಷಡ್ಜ ಅಂತ ಹಿಡೀರಿ. ದಪ್ಪ ತಂತಿಂದ ಹಿಡಿದು ಪ-ಸ-ಪ-ಸ-ಗ-ಪ. ಆ ಒಂದ್ ಗಾಂಧಾರ ಬಿಟ್ರ ಉಳಿದಿದ್ದೆಲ್ಲಾ ಸ-ಪ. ಅರ್ಧ ತಂಬೂರಿ ಕೈಯಾಗ ಹಿಡ್ಕೊಂಡ್ ಕುಂತಂಗ. ತಂಬೂರಿ ನುಡಿಸೋವಾಗ ನೀವು "ಕಾರ್ಡ್ ಯಾವಾಗ ಬದಲಿ ಮಾಡ್ಲಿ" ಅಂತ ಕೇಳ್ತೀರೇನ್ರಿ? ಇಲ್ಲೂ ಕೇಳಬ್ಯಾಡ್ರಿ.

ಹೆಬ್ಬೆರಳು 5ನೇ ತಂತಿ ಮ್ಯಾಲ ಇರ್ಲಿ, ಅದು ಸ. 6ನೇದು ಮಂದ್ರ ಪಂಚಮ. ಅದನ್ನ ಬಡದು ಬಡದು ಮೊದಲನೇ ಬಡಿತಕ್ಕೂ ತಂದ್ರ ಕೇಳೋವ್ರಿಗೆ ಷಡ್ಜ ಎಲ್ಲೈತಿ ಅಂತ ತಿಳಿಯಂಗಿಲ್ಲ. ಹೊಸಬ್ರು ಮಾಡೋ ತಪ್ಪು ಇದ. ಆರೂ ತಂತಿ ಅದಾವ ಅಂತ ಆರೂ ಬಾರಸೂದು.

ಮ್ಯಾಲಿನ ಸ್ವರ ಸ-ಗ-ಮ-ಪ-ನಿ, ಗಾಂಧಾರ ನಿಷಾದ ಎರಡೂ ಕೋಮಲ. ನಮ್ಮ ಧಾನಿ ರಾಗದ ಸ್ವರಾನ, ಕರ್ನಾಟಕಿ ಕಡಿಯವ್ರು ಶುದ್ಧ ಧನ್ಯಾಸಿ ಅಂತಾರ. ಆದ್ರ ಇದು ರಾಗ ಅಲ್ರಿ, ಚಲನ್ ಹುಡುಕಾಕ ಹೋಗಬ್ಯಾಡ್ರಿ. ಅವ್ರ ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವ ನಿಂತಿರ್ತತಿ. ಪಿಯಾನೋದಾಗ ಅದು ಸಿಗಂಗಿಲ್ಲ.

ಒಂಟಿತಂತಿ

ತಂತಿ ಬದಲಾಯಿಸಿದ ಮೇಲೆ ಕಿರಗುಟ್ಟೋದು ನಿಂತಿದೆ. ಸ-ಪ ಲೆಕ್ಕ ಹಿಡಿದ ಮೇಲೆ ಬೆರಳೂ ದಾರಿಗೆ ಬಂತು. ಈಗ ಹೊಸ ಕಿರಿಕಿರಿ: 3ನೇ ತಂತಿಯ 3ನೇ ಫ್ರೆಟ್‌ನಲ್ಲಿ ಆ ಕೋಮಲ ಗಾಂಧಾರ ಬಾರಿಸಿದಾಗ ಪಕ್ಕದ 2ನೇ ತಂತಿ ಶುದ್ಧ ಗಾಂಧಾರದಲ್ಲಿ ತಾನಾಗೇ ಮೊಳಗ್ತಾ ಇರುತ್ತೆ. ಎರಡೂ ಸೇರಿ ಹುಳಿ.

ಹಳೇಫ್ರೆಟ್

ಆ 2ನೇ ತಂತಿಯೇ ಈ ಶ್ರುತಿಯ ತುಂಟ ಮಗು. ಓಪನ್ ಜಿಯಲ್ಲಿ ಬಾರಿಸೋರ ಬೆರಳುಗಾರಿಕೆ ಅರ್ಧ ಇರೋದು ಇದನ್ನ ಸುಮ್ಮನಿರಿಸೋದ್ರಲ್ಲಿ.

3ನೇ ತಂತಿಯ 3ನೇ ಫ್ರೆಟ್‌ಗೆ ಉಂಗುರ ಬೆರಳು ಹಾಕಿ, ಆದ್ರೆ ತುದಿಯ ಮೇಲೆ ನೆಟ್ಟಗೆ ನಿಲ್ಲಿಸಬೇಡಿ. ಕ್ಲಾಸಿಕಲ್ ಗಿಟಾರ್ ಪಾಠದಲ್ಲಿ ಹೇಳಿಕೊಡೋದಕ್ಕೆ ಇದು ತದ್ವಿರುದ್ಧ. ಬೆರಳನ್ನ ಸ್ವಲ್ಪ ಮಲಗಿಸಿ, ಉಗುರಿನ ಕೆಳಗಿನ ಮೆತ್ತನೆ ಭಾಗ 2ನೇ ತಂತಿಗೆ ತಾಗಬೇಕು. ತಾಗಿದ್ರೆ ಸಾಕು, ಒತ್ತಬಾರದು. ಒತ್ತಿದ್ರೆ ಅದೂ 3ನೇ ಫ್ರೆಟ್‌ನಲ್ಲಿ ನುಡಿದುಬಿಡುತ್ತೆ.

ಆಮೇಲೆ ಅದೇ ಬೆರಳಿನಿಂದ ತಂತಿಯನ್ನ ನೆಲದ ಕಡೆಗೆ ಒಂದಿಷ್ಟೇ ಇಷ್ಟು ಎಳೀರಿ. ಕಾಲು ಸ್ವರ ಸಾಕು. 13ರ ಸೆಟ್‌ನಲ್ಲಿ 3ನೇದು ಸುತ್ತಿದ ತಂತಿ, ಅರ್ಧ ಸ್ವರ ಎಳೆಯೋಕೆ ಹೋದ್ರೆ ಬೆರಳು ನೋಯುತ್ತೆ, ಅದರ ಅಗತ್ಯವೂ ಇಲ್ಲ. ಜವಾರಿ ಅವರು ಹೇಳಿದ ನಡುವಿನ ಗಾಂಧಾರ ಸಿಗೋದು ಇಲ್ಲೇ.

ಉಳಿದ ಸ್ವರಗಳಿಗೆ ನಕ್ಷೆ: 3ನೇ ತಂತಿ ಖಾಲಿ ಸ, 3ನೇ ಫ್ರೆಟ್ ಗ, 5ನೇದು ಮ. 4ನೇ ತಂತಿ ಖಾಲಿ ಪ, 3ನೇ ಫ್ರೆಟ್ ನಿ, 5ನೇದು ಸ. 1ನೇ ತಂತಿಯೂ 4ನೇದರ ಹಾಗೇ, ಒಂದು ಸ್ಥಾಯಿ ಮೇಲೆ. ಅದರಲ್ಲಿ 8ನೇ ಫ್ರೆಟ್ ಮತ್ತೆ ಗ. ಖಾಲಿ, 3, 5. ಇಷ್ಟೇ. ಇದಕ್ಕಿಂತ ಹೆಚ್ಚು ಸ್ವರ ಬೇಕು ಅನ್ನಿಸಿದ್ರೆ ತಾಳ ಸಾಲ್ತಿಲ್ಲ ಅಂತ ಅರ್ಥ.

ಡೆಲ್ಟಾಪ್ರೇಮಿ

ಇದಕ್ಕೆಲ್ಲ ಬೇರೆ ಹೆಸರು ಯಾಕೆ? ಮಿಸಿಸಿಪ್ಪಿ ಅಂದ್ರೆ ಡೆಲ್ಟಾ ಬ್ಲೂಸ್. ಓಪನ್ ಜಿ, ಸ್ಲೈಡ್, ಎಲ್ಲಾ ಅಲ್ಲೂ ಇತ್ತಲ್ಲ. "ಗುಡ್ಡನಾಡು" ಅನ್ನೋದು ರೆಕಾರ್ಡ್ ಕಂಪನಿಗಳು ಅಂಟಿಸಿದ ಚೀಟಿ.

ತಾಳದಕೈ

ಚೀಟಿ ಅಂಟಿಸಿದ್ದು ಯಾರೇ ಆಗಿರ್ಲಿ, ನೆಲ ಬೇರೆ. ಡೆಲ್ಟಾ ಅಂದ್ರೆ ನದಿಬದಿಯ ಚಪ್ಪಟೆ ಹತ್ತಿ ಬಯಲು. ಹಾಲಿ ಸ್ಪ್ರಿಂಗ್ಸ್, ಕೋಮೋ, ಸೆನಟೋಬಿಯಾ ಇರೋದು ಅದರ ಪೂರ್ವಕ್ಕೆ, ಏರುತಗ್ಗಿನ ಜಾಗದಲ್ಲಿ. ಅಲ್ಲಿ ಉಳಿದುಕೊಂಡಿದ್ದು, ಡೆಲ್ಟಾದಲ್ಲಿ ಅಷ್ಟು ಗಟ್ಟಿಯಾಗಿ ಕಾಣಿಸದ ಒಂದು ವಸ್ತು ಇದೆ: ಕೊಳಲು ಮತ್ತು ಡ್ರಮ್ ಮೇಳ.

ಓಥಾ ಟರ್ನರ್ ಹೆಸರು ಕೇಳಿರಬಹುದು, 1907ರಿಂದ 2003. ಗ್ರಾವೆಲ್ ಸ್ಪ್ರಿಂಗ್ಸ್‌ನಲ್ಲಿ ಪ್ರತಿ ವರ್ಷ ಬೇಸಿಗೆ ಕೊನೆಗೆ ಮೇಕೆ ಮಾಂಸದ ಊಟ ಹಾಕಿ ಮೇಳ ನಡೆಸ್ತಿದ್ರು. ಒಂದು ಕೊಳಲು, ಸ್ನೇರ್‌ಗಳು, ಒಂದು ಬೇಸ್ ಡ್ರಮ್. ಕಾರ್ಡ್ ಅನ್ನೋದಕ್ಕೆ ಜಾಗವೇ ಇಲ್ಲ. ಕೊಳಲು ನಾಲ್ಕೈದು ಸ್ವರದ ಒಂದು ತುಣುಕು ಹೇಳುತ್ತೆ, ಡ್ರಮ್‌ಗಳು ಅದರ ಕೆಳಗೆ ನಡೀತಾನೇ ಇರ್ತವೆ. ಈಗ ಆರ್.ಎಲ್. ಗಿಟಾರ್ ಕೇಳಿ. ಹೆಬ್ಬೆರಳಿನಲ್ಲಿ ಡ್ರಮ್, ಮೇಲಿನ ತಂತಿಯಲ್ಲಿ ಕೊಳಲಿನ ತುಣುಕು. ಡೆಲ್ಟಾದ ಹಳಬರಲ್ಲೂ ಒಂದೇ ಕಾರ್ಡ್‌ನ ಹಾಡುಗಳಿವೆ, ಒಪ್ತೀನಿ. ಆದ್ರೆ ಇಲ್ಲಿ ಅದೇ ಕಾಯಂ ನಡೆ.

ಕೊಳಲಿನ ವಿಷಯ ಬಂದಿದ್ದಕ್ಕೆ ಅಡ್ಡಮಾತು: ಓಥಾ ಹೊಳೆದಂಡೆಯ ಬಿದಿರಿನಂಥ ಬೆತ್ತ ಕಡಿದು, ಕೆಂಪಗೆ ಕಾಯಿಸಿದ ಕಬ್ಬಿಣದ ಸರಳಿನಿಂದ ತೂತು ಸುಟ್ಟು ತಾವೇ ಕೊಳಲು ಮಾಡ್ಕೊಳ್ತಿದ್ರು. ನಮ್ಮಲ್ಲಿ ಕೊಳಲು ಮಾಡೋರೂ ಹಾಗೇ ಸುಡೋದು. ಕೊರೆದ್ರೆ ನಾರು ಸೀಳಿ ಬಿರುಕು ಬಿಡುತ್ತೆ, ಸುಟ್ರೆ ಅಂಚು ಗಟ್ಟಿಯಾಗುತ್ತೆ. ಆ ಮೇಳ ಈಗ ಅವರ ಮೊಮ್ಮಗಳು ಶಾರ್ಡೆ ಥಾಮಸ್ ಕೈಯಲ್ಲಿದೆ.

ಡೆಲ್ಟಾಪ್ರೇಮಿ

ಕೊಳಲಿನ ವಾದ ಒಪ್ಪಬಹುದು. ಹಾಗಾದ್ರೆ ಜೂನಿಯರ್ ಕಿಂಬ್ರೊ? ಅವರೂ ಅದೇ ಗುಡ್ಡನಾಡಿನ ಗಿಟಾರ್‌ಗಾರರು, ಆದ್ರೆ ಕೇಳಿದ್ರೆ ಬೇರೆಯೇ.

ಹಳೇಫ್ರೆಟ್

ಬೇರೆಯೇ. ಕಿಂಬ್ರೊ ಹೆಚ್ಚಾಗಿ ಸ್ಟ್ಯಾಂಡರ್ಡ್ ಶ್ರುತಿಯಲ್ಲೇ ಬಾರಿಸೋರು. ಸುತ್ತುತ್ತಾ ಸುತ್ತುತ್ತಾ ಹೋಗೋ ಗೀಳಿನ ನಡೆ. ಹಾಡು, ಗಿಟಾರ್ ಎರಡೂ ಜಾರ್ತಾ ಒಂದೇ ದಾರಿಯಲ್ಲಿ ನಡೀತವೆ. ಆರ್.ಎಲ್. ಕುಟ್ಟಿದಂತೆ, ಕಿಂಬ್ರೊ ಅಲೆ ಬಂದಂತೆ. ಚುಲಹೋಮಾದಲ್ಲಿ ಅವರದ್ದೊಂದು ಜೂಕ್ ಜಾಯಿಂಟ್ (ಕುಡಿತ, ಕುಣಿತ, ಸಂಗೀತದ ಅಡ್ಡೆ) ಇತ್ತು, ಎರಡೂ ಮನೆಯವರು ಅಲ್ಲಿ ಬಾರಿಸ್ತಿದ್ರು. ಕಿಂಬ್ರೊ 1998ರಲ್ಲಿ ಹೋದ್ರು, ಆ ಕಟ್ಟಡ 2000ದಲ್ಲಿ ಸುಟ್ಟುಹೋಯ್ತು. ಆರ್.ಎಲ್. ಮಗ ಗ್ಯಾರಿ ಬರ್ನ್‌ಸೈಡ್ ಕಿಂಬ್ರೊ ತಂಡದಲ್ಲಿ ಬೇಸ್ ಬಾರಿಸ್ತಿದ್ರು, ಹಾಗಾಗಿ ಈ ಎರಡು ಮನೆಗಳ ನಡುವೆ ಗೋಡೆ ತೆಳು. ಕಲಿಯೋರು ಮಾತ್ರ ಎರಡನ್ನೂ ಒಂದೇ ಸಲ ಹಿಡೀಬೇಡಿ. ಕೈಗೆ ಗೊಂದಲ.

ಗಾಜಿನಕೊಳವೆ

ಸ್ಲೈಡ್ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ. ಚಿತ್ರವೀಣೆ ಗೊತ್ತಿರುವವರು ಗಿಟಾರ್ ಸ್ಲೈಡ್ ಹಿಡಿದಾಗ ಎಡವುವ ಜಾಗದಿಂದಲೇ ಶುರು ಮಾಡುವುದು ಒಳ್ಳೆಯದು.

ಚಿತ್ರವೀಣೆ ಮಲಗಿರುತ್ತದೆ, ಜಾರಿಸುವ ಗಟ್ಟಿಯ ಭಾರ ತಾನಾಗಿಯೇ ತಂತಿಯ ಮೇಲೆ ಕೂರುತ್ತದೆ. ಗಿಟಾರ್ ನಿಂತಿರುತ್ತದೆ. ಇಲ್ಲಿ ಭಾರ ನೆಲಕ್ಕೆ ಎಳೆಯುತ್ತದೆಯೇ ಹೊರತು ತಂತಿಯ ಕಡೆಗಲ್ಲ. ಹಾಗಾಗಿ ಒತ್ತಡವನ್ನು ಬೆರಳೇ ಕೊಡಬೇಕು, ಆದರೆ ತಂತಿ ಫ್ರೆಟ್‌ಗೆ ತಾಗುವಷ್ಟು ಕೊಡಬಾರದು. "ಟಕ್" ಎಂಬ ಸದ್ದು ಬಂದರೆ ಒತ್ತು ಹೆಚ್ಚಾಯಿತು. "ಝರ್" ಎಂದರೆ ಕಮ್ಮಿಯಾಯಿತು.

ಸ್ಲೈಡ್ ನಿಲ್ಲಬೇಕಾದ್ದು ಫ್ರೆಟ್ ಸರಳಿನ ನೇರ ಮೇಲೆ. ಬೆರಳಿನಿಂದ ಒತ್ತುವವರಿಗೆ ಫ್ರೆಟ್‌ನ ಹಿಂದೆ ನಿಲ್ಲಿಸುವ ಅಭ್ಯಾಸ, ಅದರಿಂದ ಸ್ವರ ಯಾವಾಗಲೂ ಇಳಿದೇ ಕೇಳುತ್ತದೆ. ಸ್ಲೈಡ್ ಕಿರುಬೆರಳಿಗೆ ಹಾಕಿಕೊಳ್ಳಿ, ಉಳಿದ ಮೂರು ಬೆರಳು ಬಿಡುವಾಗುತ್ತವೆ. ಸ್ಲೈಡ್‌ನ ಹಿಂದೆ, ನಟ್ ಕಡೆಗೆ, ಉಂಗುರ ಮತ್ತು ನಡುಬೆರಳನ್ನು ತಂತಿಯ ಮೇಲೆ ಹಗುರವಾಗಿ ಎಳೆದುಕೊಂಡು ಹೋಗಿ. ಇಲ್ಲದಿದ್ದರೆ ತಂತಿಯ ಹಿಂಭಾಗವೂ ನುಡಿದು ಬೇರೊಂದು ಸ್ವರ ಸೇರಿಕೊಳ್ಳುತ್ತದೆ.

ಓಪನ್ ಜಿಯಲ್ಲಿ 5ನೇ ಫ್ರೆಟ್ ಮ, 7ನೇದು ಪ, 12ನೇದು ಮೇಲಿನ ಸ. ಆದರೆ ಈ ಪರಂಪರೆಯಲ್ಲಿ ಇಡೀ ಕಾರ್ಡನ್ನು ಅಲ್ಲಿಗೆ ಜಾರಿಸುವುದು ಕಡಿಮೆ. 1ನೇ ತಂತಿಯೊಂದನ್ನೇ ಹಿಡಿದು ಹಾಡಿನ ಸಾಲಿನ ಕೊನೆಯನ್ನು ಸ್ಲೈಡ್ ಕೈಯಲ್ಲಿ ಹೇಳಿಸುವುದು ಹೆಚ್ಚು. ಆರ್.ಎಲ್.ಗೆ ದಾರಿ ತೋರಿಸಿದ ನೆರೆಯವರು ಫ್ರೆಡ್ ಮೆಕ್‌ಡೊವೆಲ್. 1959ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೋಮೋದಲ್ಲಿ ಅವರನ್ನು ಧ್ವನಿಮುದ್ರಿಸಿದರು. ಅವರು ಸಾಲನ್ನು ಅರ್ಧಕ್ಕೆ ಬಾಯಿಯಲ್ಲಿ ನಿಲ್ಲಿಸಿ ಉಳಿದರ್ಧವನ್ನು ತಂತಿಗೆ ಬಿಟ್ಟುಬಿಡುತ್ತಾರೆ. ಮೊದಮೊದಲು ದನದ ಎಲುಬಿನ ತುಂಡು ಬಳಸುತ್ತಿದ್ದ ಅವರು ಆಮೇಲೆ ಗಾಜಿನ ಬಾಟಲಿಯ ಕುತ್ತಿಗೆಗೆ ಬಂದರು.

ಗಾಜಿನ ಗೋಡೆ 3ರಿಂದ 4 ಮಿ.ಮೀ. ದಪ್ಪವಿರಲಿ. ತೆಳು ಗಾಜಿಗೆ ತೂಕವಿಲ್ಲ, ನಾದ ಬೇಗ ಸಾಯುತ್ತದೆ. ಹಿತ್ತಾಳೆಯದು ಹೆಚ್ಚು ಹೊತ್ತು ಮೊಳಗುತ್ತದೆ, ಆದರೆ ಸುತ್ತಿದ ತಂತಿಯ ಮೇಲೆ ಉಜ್ಜುವ ಸದ್ದು ಜಾಸ್ತಿ. ಬಾಟಲಿ ಕತ್ತರಿಸಿದ್ದಾದರೆ ಅಂಚನ್ನು 220, ಆಮೇಲೆ 400 ನಂಬರಿನ ನೀರು ಉಜ್ಜುಕಾಗದದಲ್ಲಿ ಒದ್ದೆ ಮಾಡಿಯೇ ತಿಕ್ಕಿ. ಒಣಗಿದ್ದನ್ನು ತಿಕ್ಕಿದರೆ ಗಾಜಿನ ಪುಡಿ ಉಸಿರಿಗೆ ಹೋಗುತ್ತದೆ.

ಒಂಟಿತಂತಿ

ಸೆಡ್ರಿಕ್ ಕೆಲವು ಕಡೆ ಜಿಯಲ್ಲಿ ಅಲ್ಲ, ಎಯಲ್ಲಿ ಇದ್ದ ಹಾಗೆ ಕೇಳುತ್ತೆ. ಎಲ್ಲಾ ತಂತಿ ಮೇಲಕ್ಕೆ ಎಳೆದು ಓಪನ್ ಎ ಮಾಡೋದಾ?

ಹಳೇಫ್ರೆಟ್

ಬೇಡ. ಸ್ಟ್ಯಾಂಡರ್ಡ್‌ನಿಂದ ಓಪನ್ ಎಗೆ ಹೋಗ್ಬೇಕಾದ್ರೆ 4, 3, 2ನೇ ತಂತಿಗಳನ್ನ ಎರಡೆರಡು ಫ್ರೆಟ್ ಮೇಲಕ್ಕೆ ಎಳೀಬೇಕು. ಎಳೆತ ನಾಲ್ಕನೇ ಒಂದು ಪಾಲು ಹೆಚ್ಚುತ್ತೆ. ನೀವು ಈಗ 13ರ ಸೆಟ್ ಹಾಕಿದ್ದೀರಿ, ಅಕೂಸ್ಟಿಕ್‌ನಲ್ಲಿ ಕುದುರೆ ಅಂಟು ಬಿಡೋದು, ಹೊಟ್ಟೆ ಉಬ್ಬೋದು ಹೀಗೇ. ಓಪನ್ ಜಿಯಲ್ಲೇ ಇದ್ದು 2ನೇ ಫ್ರೆಟ್‌ಗೆ ಕ್ಯಾಪೋ (ಎಲ್ಲಾ ತಂತಿಯನ್ನೂ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ. ಕ್ಯಾಪೋ ಬಿಗಿದ ಮೇಲೆ ಶ್ರುತಿ ಇನ್ನೊಮ್ಮೆ ನೋಡ್ಕೊಳ್ಳಿ, ದಪ್ಪ ತಂತಿಗಳು ಏರಿರ್ತವೆ. ಕ್ಯಾಪೋದ ರಬ್ಬರ್ ಫ್ರೆಟ್‌ಗೆ ಅಂಟಿಕೊಂಡಂತೆ ಹತ್ತಿರ ಇಟ್ರೆ ಏರೋದು ಕಮ್ಮಿ.

ಬೇರುಬಿಳಲು

ತಾಂತ್ರಿಕ ವಿಷಯದ ನಡುವೆ ಒಂದು ಪ್ರಶ್ನೆ. ಇದನ್ನ "ಮನೆತನದ ಸಂಗೀತ" ಅನ್ನೋದು ಎಷ್ಟು ಸರಿ? ಆರ್.ಎಲ್. ಕಲಿತದ್ದು ಮನೆಯ ಹೊರಗಿನ ಮೆಕ್‌ಡೊವೆಲ್ ಹತ್ರ. ಕೆನ್ನಿ ಬ್ರೌನ್ ಬಿಳಿಯ ಹುಡುಗ, ರಕ್ತ ಸಂಬಂಧ ಇಲ್ಲ, ಆದ್ರೂ ಆರ್.ಎಲ್. ಅವರನ್ನ ಮಗ ಅಂತಲೇ ಕರೀತಿದ್ರು. ಡಿಕಿನ್‌ಸನ್ ಸೋದರರು ಸಂಗೀತಗಾರ ಜಿಮ್ ಡಿಕಿನ್‌ಸನ್ ಮಕ್ಕಳು, ಅವರದ್ದೇ ಬೇರೆ ಮನೆ, ಆದ್ರೂ ಇದೇ ನಡೆಯಲ್ಲಿ ಬೆಳೆದೋರು.

ತಾಳದಕೈ

ಘರಾಣೆ ಅಂದ್ರೆ ಬರೀ ರಕ್ತ ಅಲ್ಲವಲ್ಲ, ಧಾರವಾಡದ ಕಡೆಯವರಿಗೆ ಇದನ್ನ ಹೇಳಿಕೊಡ್ಬೇಕಾ. ಆದ್ರೆ ಮನೆಯೊಳಗೆ ಬೆಳೆದೋರಿಗೆ ಒಂದು ಅನುಕೂಲ ಇದೆ: ಹಾಡು ಕಲಿಯೋಕೆ ಮುಂಚೆಯೇ ಅದರ ಉದ್ದಗಿಡ್ಡ ಕಿವಿಗೆ ಬಿದ್ದಿರುತ್ತೆ. ಸೆಡ್ರಿಕ್ ಡ್ರಮ್ ಹಿಂದೆ ಕೂತು ತಾತ ಎಲ್ಲಿ ಎರಡು ಬಡಿತ ನುಂಗ್ತಾರೆ ಅಂತ ರಾತ್ರಿಗಟ್ಟಲೆ ನೋಡಿದೋರು. ಆ ಕಲಿಕೆ ನೊಟೇಶನ್‌ನಲ್ಲಿ ಬರಲ್ಲ.

ಮತ್ತೆ, ಅವರು ತಾತನ ಹಾಡುಗಳ ನಕಲು ಮಾಡ್ಕೊಂಡು ಕೂತಿಲ್ಲ. 2018ರ ಬೆಂಟನ್ ಕೌಂಟಿ ರೆಲಿಕ್, 2021ರ ಐ ಬಿ ಟ್ರೈಯಿಂಗ್ ಹೆಚ್ಚಾಗಿ ಸ್ವಂತ ಹಾಡುಗಳೇ. ಎರಡನೇದಕ್ಕೆ 2022ರಲ್ಲಿ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಬಂತು, ಅದರಲ್ಲಿ ಮಗಳ ದನಿಯೂ ಇದೆ. 2021ರಲ್ಲೇ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್. ಹಾಡು ಹೊಸದು, ತಾತನಿಂದ ಬಂದದ್ದು ಹೆಬ್ಬೆರಳು. ಯಾವ ಹಾಡು ಬೇಕಾದ್ರೂ ತೆಗೆದು ಮೇಲಿನ ಸ್ವರ ಎಲ್ಲಾ ಮರೆತು ಬರೀ 5ನೇ ತಂತಿ ಕೇಳಿ, ಯಾರ ಮನೆಯೋರು ಅಂತ ಗೊತ್ತಾಗುತ್ತೆ.

ಗಾಜಿನಕೊಳವೆ

ಹೋಲಿಕೆಗೆ ಮಿಸಿಸಿಪ್ಪಿಯದೇ ಬೆಂಟೋನಿಯಾ ಊರನ್ನೂ ನೋಡಬಹುದು. ಅಲ್ಲಿನ ಗಿಟಾರ್‌ಗಾರ ಜಿಮ್ಮಿ "ಡಕ್" ಹೋಮ್ಸ್‌ಗೆ ಅಪ್ಪ ಅಮ್ಮನಿಂದ ಬಂದದ್ದು 1948ರಲ್ಲಿ ಶುರುವಾದ ಬ್ಲೂ ಫ್ರಂಟ್ ಕೆಫೆ. ಗಿಟಾರ್ ಬಂದದ್ದು ಆ ಊರಿನ ಹಿರಿಯರಿಂದ, ಹೆನ್ರಿ ಸ್ಟಕಿ, ಜ್ಯಾಕ್ ಓವೆನ್ಸ್. ಅಲ್ಲಿ ಶ್ರುತಿಯೇ ಬೇರೆ, ಇ-ಬಿ-ಇ-ಜಿ-ಬಿ-ಇ, ಅಂದರೆ ಸ-ಪ-ಸ-ಗ-ಪ-ಸ. ಗಾಂಧಾರ ಕೋಮಲ. ಖಾಲಿ ತಂತಿ ಮೀಟಿದರೇ ಮೈ ಜುಂ ಎನ್ನುತ್ತದೆ. ಒಂಟಿತಂತಿ ಅವರ "ಹುಳಿ" ಸಮಸ್ಯೆ ಅಲ್ಲಿ ಹುಟ್ಟುವುದೇ ಇಲ್ಲ, ಆದರೆ ಆ ನಡುವಿನ ಗಾಂಧಾರದ ಆಟವೂ ಬೇರೆಯಾಗುತ್ತದೆ.

ಜವಾರಿ ತಂಬೂರಿ

ತಾಳದಕೈ ಅವ್ರ, ಧಾರವಾಡದ್ದ ಹೆಸರು ತಗದ್ರಿ, ಸುಮ್ನಿರಾಕ ಆಗವಲ್ದು. ಘರಾಣೆದಾಗ ಶಿಷ್ಯ ಮೊದಲ ಕಲಿಯೂದು ತಂಬೂರಿ ಹಿಡ್ಯಾಕ, ಹಾಡಾಕ ಅಲ್ಲ. ಹುಡುಗ ಡ್ರಮ್ ಮ್ಯಾಲ ಕುಂತಿದ್ದೂ ಅದ ಅಲ್ಲೇನ್ರಿ? ಇಷ್ಟ ನನ್ ಮಾತು, ಮುಂದ ನಡೀಲಿ.

ಒಂಟಿತಂತಿ

ಸರಿ, ಅಭ್ಯಾಸದ ಕ್ರಮ ಹೇಳಿಬಿಡಿ. ದಿನಕ್ಕೆ ಅರ್ಧ ಗಂಟೆ ಅಂತ ಇಟ್ಕೊಂಡ್ರೆ?

ತಾಳದಕೈ

ಪ್ಲೆಕ್ಟ್ರಮ್ (ತಂತಿ ಮೀಟೋ ಬಿಲ್ಲೆ) ಪಕ್ಕಕ್ಕಿಡಿ. ನಿಮಿಷಕ್ಕೆ 80 ಬಡಿತ. ಮೊದಲ ಹತ್ತು ನಿಮಿಷ ಎಡಗೈ ತೊಡೆಯ ಮೇಲೆ. ಪಾದ ಪ್ರತಿ ಬಡಿತಕ್ಕೂ ನೆಲಕ್ಕೆ, ಹೆಬ್ಬೆರಳು ಪ್ರತಿ ಬಡಿತಕ್ಕೂ 5ನೇ ತಂತಿಗೆ. ಬೇರೇನೂ ಇಲ್ಲ. ಎರಡನೇ ನಿಮಿಷಕ್ಕೆ ಬೇಜಾರಾಗುತ್ತೆ, ನಾಲ್ಕನೇ ನಿಮಿಷಕ್ಕೆ ಹೆಬ್ಬೆರಳು ಓಡೋಕೆ ಶುರು ಮಾಡುತ್ತೆ, ಅಲ್ಲಿಂದ ಮುಂದೆಯೇ ಪಾಠ.

ಆಮೇಲೆ ತೋರುಬೆರಳು ಸೇರಿಸಿ, ಬಡಿತಗಳ ನಡುವೆ ಮಾತ್ರ. 1 ಮತ್ತು 2ರ ನಡುವೆ 3ನೇ ತಂತಿ, 2 ಮತ್ತು 3ರ ನಡುವೆ ಬಿಡಿ, 3 ಮತ್ತು 4ರ ನಡುವೆ 1ನೇ ತಂತಿ. ಒಟ್ಟು ನಾಲ್ಕು ಹೆಬ್ಬೆರಳು, ಎರಡು ತೋರುಬೆರಳು. ಬಹಳ ಜನ ತೋರುಬೆರಳು ಬಂದ ತಕ್ಷಣ ಆ ಜಾಗದ ಹೆಬ್ಬೆರಳನ್ನ ಮೆತ್ತಗೆ ಮಾಡಿಬಿಡ್ತಾರೆ. ಸಪ್ಪೆ ಆಗೋದು ಅಲ್ಲೇ, ಕಾರ್ಡ್ ಕಮ್ಮಿ ಇದ್ದಿದ್ದಕ್ಕಲ್ಲ.

ಎಡಗೈ ಬರೋದು ಕೊನೇ ಹತ್ತು ನಿಮಿಷಕ್ಕೆ. ಒಂದೇ ಒಂದು ತುಣುಕು: 4ನೇ ತಂತಿ 3ನೇ ಫ್ರೆಟ್, 4ನೇ ತಂತಿ 5ನೇ ಫ್ರೆಟ್, 3ನೇ ತಂತಿ 3ನೇ ಫ್ರೆಟ್ ಎಳೆತದ ಜೊತೆ, ಮತ್ತೆ 3ನೇ ತಂತಿ ಖಾಲಿ. ಅದನ್ನ ಬಾಯಲ್ಲಿ ಗುನುಗಿ, ಅದೇ ಸ್ವರ ಕೈಯಲ್ಲೂ ಬರ್ಲಿ. ಇಲ್ಲಿ ಗಿಟಾರ್ ಹಾಡಿಗೆ ಪಕ್ಕವಾದ್ಯ, ಹಾಡಿದ್ದನ್ನೇ ಹೇಳುತ್ತೆ. ಗುನುಗು ನಿಂತಾಗ ಎರಡು ಬಡಿತ ಕಾಯಿರಿ, ಇನ್ನೊಮ್ಮೆ ಆರು ಕಾಯಿರಿ. ಕಾಯೋದು ಎಷ್ಟೇ ಆದ್ರೂ ಹೆಬ್ಬೆರಳು ಅಲ್ಲಾಡಬಾರದು. 110ಕ್ಕೆ ಏರಿಸೋದು ಇದು ಕೂತ ಮೇಲೆ.

ಮೂರು ನಿಮಿಷ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಮೊದಲ ಹತ್ತು ಸೆಕೆಂಡು, ಕೊನೆಯ ಹತ್ತು ಸೆಕೆಂಡು ಹೋಲಿಸಿ. ನಾಲ್ಕೈದು ಬಡಿತ ಏರಿದ್ರೆ ಪರವಾಗಿಲ್ಲ, ಇಳಿದಿದ್ರೆ ಆಗಲ್ಲ.

ಡೆಲ್ಟಾಪ್ರೇಮಿ

ಎಲೆಕ್ಟ್ರಿಕ್‌ನಲ್ಲಿ ಮಾಡೋರಿಗೆ: 5ರಿಂದ 15 ವಾಟ್‌ನ ಸಣ್ಣ ವಾಲ್ವ್ ಆಂಪ್ ಸಾಕು. ಮೆತ್ತಗೆ ಮೀಟಿದ್ರೆ ಶುದ್ಧ, ಹೆಬ್ಬೆರಳು ಜೋರಾಗಿ ಬಿದ್ರೆ ಒಡಕು, ಆ ಅಂಚಿಗೆ ವಾಲ್ಯೂಮ್ ನಿಲ್ಲಿಸಿ. ಬೇಸ್ ಗುಂಡಿ ಅರ್ಧಕ್ಕಿಂತ ಕೆಳಗೆ. ಬೇಸ್ ಗಿಟಾರ್ ಇಲ್ಲ ಅಂತ ಬೇಸ್ ಏರಿಸಿದ್ರೆ ಓಪನ್ ಜಿಯ ಕೆಳತಂತಿಗಳು ಕೆಸರಾಗಿ ಕಿಕ್ ಡ್ರಮ್ಮೇ ಮುಚ್ಚಿಹೋಗುತ್ತೆ. ಅಪಾರ್ಟ್‌ಮೆಂಟ್‌ನಲ್ಲಿ ಇರೋರು ಆಂಪ್ ಶುದ್ಧವಾಗಿಟ್ಟು ಮುಂದೆ ಒಂದು ಕಮ್ಮಿ ಡ್ರೈವ್‌ನ (ಸ್ವಲ್ಪವೇ ಒಡಕು ಸೇರಿಸೋ) ಪೆಡಲ್ ಹಾಕ್ಕೊಳ್ಳಿ, ಅಕ್ಕಪಕ್ಕದವರ ಶಾಪ ತಪ್ಪುತ್ತೆ.

ಒಂಟಿತಂತಿ

ಕೊನೇ ಪ್ರಶ್ನೆ. ಹೆಬ್ಬೆರಳು 5ನೇ ತಂತಿ ಬಾರಿಸಿ ಮುಂದೆ ಹೋಗಿ 4ನೇದಕ್ಕೂ ತಗುಲುತ್ತೆ. ಬಿಡಿಸೋದು ಹೇಗೆ?

ಹಳೇಫ್ರೆಟ್

ಬಿಡಿಸಬೇಡಿ. 4ನೇ ತಂತಿಗೆ ತಗುಲಿ ಅಲ್ಲೇ ಒರಗಿ ನಿಲ್ಲಲಿ, ಅದು ಮುಂದಿನ ಹೊಡೆತಕ್ಕೆ ಊರುಗೋಲು. ತಪ್ಪಾಗೋದು ಅದನ್ನ ದಾಟಿ ಹೋಗಿ 4ನೇದನ್ನೂ ಮೀಟಿದಾಗ. ಮಣಿಕಟ್ಟಿನಿಂದ ಬೀಸ್ತಾ ಇದ್ರೆ ದಾಟುತ್ತೆ, ಹೆಬ್ಬೆರಳಿನ ಬುಡದಿಂದ ತಳ್ಳಿದ್ರೆ ನಿಲ್ಲುತ್ತೆ. ಅಂಗೈ ಅಂಚನ್ನ ಕುದುರೆಯ ಮೇಲೆ ಊರಿ, ದಪ್ಪ ತಂತಿಗಳ ಮೇಲೆ ಮೂರ್ನಾಲ್ಕು ಮಿ.ಮೀ. ಮಾತ್ರ ಮುಂದೆ ಬರ್ಲಿ. 5ನೇ ತಂತಿ "ಧುಂ" ಅನ್ನಬೇಕು, "ಠಕ್" ಅನ್ನಬಾರದು. ಠಕ್ ಅಂದ್ರೆ ಅಂಗೈ ಜಾಸ್ತಿ ಮುಂದೆ ಬಂದಿದೆ, ಒಂದೆರಡು ಮಿ.ಮೀ. ಹಿಂದಕ್ಕೆ ಸರಿಸಿ ಮತ್ತೆ ಬಾರಿಸಿ ನೋಡಿ.